ಹೋಮ್ ಸಾಕೇ, ಪ್ರೊ ಬೇಕೇ?

ಪಿಯುಸಿ ಫಲಿತಾಂಶ ಬಂದು ಕಾಲೇಜು ಪ್ರವೇಶದ ಗಡಿಬಿಡಿ ಆರಂಭವಾಯಿತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತಲಿನ ಗಣಕಯಂತ್ರದ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಆಳಂದ, ಸೇಡಂ, ಚಿಂಚೋಳಿ, ಕಮಲಾಪುರಗಳಿಂದ ತಂದೆ-ತಾಯಿ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಮಗ ಅಥವಾ ಮಗಳು ಇಂಜಿನಿಯರಿಂಗ್ ಸೇರಿದ್ದರೆ, ಬಿ.ಸಿ.ಎ. ಅಥವಾ ಬಿ.ಕಾಂ. ಸೇರಿದ್ದರೆ ಲ್ಯಾಪ್‌ಟಾಪ್ ಬೇಕೇ ಬೇಕು. ಯಂತ್ರದ ಬೆಲೆ ಚೌಕಾಸಿಯಾಗಿ, ಚೀಲವೂ ಮೌಸೂ ಉಚಿತವೆಂದು ಒಪ್ಪಿಗೆಯಾದ ಮೇಲೆ ಕೊನೆಯಲ್ಲಿ ಒಂದು ಮಾತು ಬರುತ್ತದೆ.

"ಇದರಾಗ ಹೋಮ್ ಅದ ರೀ ಕಾಕಾ. ಪ್ರೊ ಹಾಕಿಸಿದ್ರ ಛಲೋ ಆಗ್ತದ. ಒಂದೀಟು ರೊಕ್ಕ ಹೆಚ್ಚಾಗ್ತದ, ಅಷ್ಟೇ."

"ಹೋಮ್ ಅಂದ್ರ ಮನಿ ಅಂತ ಗೊತ್ತದ. ಪ್ರೊ ಅಂದ್ರೇನಪಾ?"

"ಯಪ್ಪಾ, ನಮ್ಮ ಕ್ಲಾಸಿನ್ಯಾಗ ಭಾಳ ಮಂದಿ ಅದನ್ನೇ ಹಾಕಿಸ್ಯಾರ" ಎಂದು ಮಗಳು ನಡುವೆ ಹೇಳುತ್ತಾಳೆ. ಆದರೆ ತಂದೆ ಕೇಳಿದ್ದಕ್ಕೆ ಅಂಗಡಿಯವನಲ್ಲಿಯೂ ಉತ್ತರವಿಲ್ಲ, ಮಗಳಲ್ಲಿಯೂ ಇಲ್ಲ. ಕಮಲಾಪುರದ ಕೆಂಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹೆಸರಾಂತ ಬೆಳೆ. ಹಾಗೆಂದು ಅದನ್ನು ಬೆಳೆದವರ ಕೈಯಲ್ಲಿ ಹಣ ಹರಿದಾಡುತ್ತದೆ ಎಂದಲ್ಲ. ಕೆಲವು ಸಾವಿರ ರೂಪಾಯಿ ಹೆಚ್ಚು ಕೊಡುವ ಮುನ್ನ ಆ ಹಣಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ಹಕ್ಕು ಆ ತಂದೆಗಿದೆ.

ಎರಡು ಹೆಸರು ಬಂದ ಬಗೆ

ಗಣಕಯಂತ್ರವನ್ನು ಆನ್ ಮಾಡಿದ ಕೂಡಲೇ ಕೆಲಸಕ್ಕೆ ತೊಡಗಿ, ಕೀಲಿಮಣೆ, ಪರದೆ, ಡಿಸ್ಕು, ಮುದ್ರಕ ಎಲ್ಲವನ್ನೂ ಆಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಇಂತಹುದರಲ್ಲಿ ಒಂದು.

1990ರ ದಶಕದಲ್ಲಿ ಈ ಸಂಸ್ಥೆಯ ಬಳಿ ಎರಡು ಬೇರೆಬೇರೆ ವಂಶಗಳಿದ್ದವು. ಮನೆಗೆ ವಿಂಡೋಸ್ 95 ಮತ್ತು ವಿಂಡೋಸ್ 98. ಅವುಗಳ ಬೇರು ಹಳೆಯ ಡಾಸ್‌ನಲ್ಲಿತ್ತು. ಒಂದು ಆಟ ಕೆಟ್ಟರೆ ಇಡೀ ಯಂತ್ರವೇ ನಿಂತುಬಿಡುವುದು, ಪರದೆ ನೀಲಿಯಾಗುವುದು ಅಂದು ಎಲ್ಲರಿಗೂ ಪರಿಚಿತವಾಗಿದ್ದ ಅನುಭವ. ಕಚೇರಿಗೆ ವಿಂಡೋಸ್ ಎನ್.ಟಿ. 1988ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಬಿಟ್ಟು ಬಂದ ಡೇವ್ ಕಟ್ಲರ್ ಎಂಬ ತಂತ್ರಜ್ಞರ ಮುಂದಾಳತ್ವದಲ್ಲಿ ರೂಪುಗೊಂಡು, 1993ರಲ್ಲಿ ಹೊರಬಂದ ಈ ವ್ಯವಸ್ಥೆ ಬುಡದಿಂದಲೇ ಹೊಸದು. ಒಂದು ಕಾರ್ಯಕ್ರಮ ಬಿದ್ದರೂ ಉಳಿದವು ನಿಲ್ಲದಂತೆ, ಒಬ್ಬ ಬಳಕೆದಾರನ ಕಡತವನ್ನು ಇನ್ನೊಬ್ಬ ಮುಟ್ಟದಂತೆ ಕಟ್ಟಿದ್ದರು. ಇದೇ ವಂಶದಲ್ಲಿ 2000ದಲ್ಲಿ 'ವಿಂಡೋಸ್ 2000 ಪ್ರೊಫೆಷನಲ್' ಬಂತು. ಆಗ ವಿಂಡೋಸ್ 98 ಬಿಟ್ಟು ಪ್ರೊಫೆಷನಲ್‌ಗೆ ಹೋಗುವುದೆಂದರೆ ಮಣ್ಣಿನ ಗೋಡೆಯ ಮನೆ ಬಿಟ್ಟು ಕಲ್ಲಿನ ಮನೆಗೆ ಹೋದಂತೆ. ವ್ಯತ್ಯಾಸ ನಿಜವಾದುದಾಗಿತ್ತು.

2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಂದಾಗ ಈ ಭೇದ ಅಳಿಯಿತು. ಎಕ್ಸ್‌ಪಿ ಹೋಮ್, ಎಕ್ಸ್‌ಪಿ ಪ್ರೊಫೆಷನಲ್ ಎಂಬ ಎರಡು ಆವೃತ್ತಿಗಳಿದ್ದರೂ ಎರಡರ ತಿರುಳೂ ಎನ್.ಟಿ.ಯದೇ. ಕನ್ನಡಿಗರಿಗೆ ಎಕ್ಸ್‌ಪಿ ಮುಖ್ಯವಾದದ್ದು ಮತ್ತೊಂದು ಕಾರಣಕ್ಕೆ. ಯುನಿಕೋಡ್ ಕನ್ನಡಕ್ಕೆ ವಿಂಡೋಸ್‌ನೊಳಗೇ ಎಡೆ ಸಿಕ್ಕಿದ್ದು, ತುಂಗಾ ಎಂಬ ಅಕ್ಷರಶೈಲಿ ಜೊತೆಗೆ ಬಂದದ್ದು ಅದರಲ್ಲಿಯೇ.

ಅಂದಿನಿಂದ ಇಂದಿನ ವಿಂಡೋಸ್ 11ರವರೆಗೆ ಇದೇ ಕಥೆ. ಹೋಮ್ ಮತ್ತು ಪ್ರೊ ಒಂದೇ ಮನೆ. ಹೋಮ್ ಕೊಂಡವರಿಗೆ ಆ ಮನೆಯ ಕೆಲವು ಕೋಣೆಗಳಿಗೆ ಬೀಗ ಹಾಕಿರುತ್ತದೆ. ಪ್ರೊ ಕೊಳ್ಳುವುದೆಂದರೆ ಆ ಬೀಗದ ಕೀಲಿ ಕೊಳ್ಳುವುದು. ಹೋಮ್‌ನಿಂದ ಪ್ರೊಗೆ ಹೋಗುವಾಗ ಹೊಸ ವಿಂಡೋಸನ್ನು ಮೊದಲಿನಿಂದ ಹಾಕಬೇಕಾಗಿಲ್ಲ. ಕೀಲಿಸಂಖ್ಯೆ ಕೊಟ್ಟು ಯಂತ್ರವನ್ನು ಮತ್ತೆ ಆರಂಭಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಇದಕ್ಕೂ ಅದೇ ಕಾರಣ.

ಬೀಗದ ಕೋಣೆಗಳಲ್ಲಿ ಏನಿದೆ?

ಮೊದಲನೆಯದು ಬಿಟ್‌ಲಾಕರ್. ಡಿಸ್ಕಿನಲ್ಲಿರುವ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿಡುವ ಏರ್ಪಾಡು ಇದು. ಲ್ಯಾಪ್‌ಟಾಪ್ ಕಳುವಾದರೂ, ಕಳ್ಳ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಅವನಿಗೆ ಓದಲಾಗುವುದಿಲ್ಲ. ಪೆನ್‌ಡ್ರೈವ್‌ಗೂ ಈ ರಕ್ಷಣೆ ಹಾಕಬಹುದು. ಆದರೆ ಹೋಮ್‌ನಲ್ಲಿಯೂ, ಯಂತ್ರಾಂಶ ಅನುಕೂಲವಾಗಿದ್ದರೆ, 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಸರಳ ರೂಪ ಇದೆ. ವಿದ್ಯಾರ್ಥಿಗೆ ಅದೇ ಸಾಕಾಗುತ್ತದೆ.

ಎರಡನೆಯದು ರಿಮೋಟ್ ಡೆಸ್ಕ್‌ಟಾಪ್. ಒಂದು ಊರಿನಲ್ಲಿ ಕುಳಿತು ಇನ್ನೊಂದು ಊರಿನಲ್ಲಿರುವ ಯಂತ್ರವನ್ನು ನಡೆಸುವ ಅನುಕೂಲ. ಇಲ್ಲಿ ಒಂದು ಸೂಕ್ಷ್ಮವಿದೆ. ಹೋಮ್ ಇರುವ ಯಂತ್ರದಿಂದ ಬೇರೆ ಯಂತ್ರವನ್ನು ತಲುಪಬಹುದು. ಆದರೆ ಹೋಮ್ ಇರುವ ಯಂತ್ರವನ್ನು ಹೊರಗಿನಿಂದ ಈ ದಾರಿಯಲ್ಲಿ ತಲುಪಲಾಗದು. ಕಮಲಾಪುರದ ಮನೆಯಲ್ಲಿ ಕುಳಿತು ಕಲಬುರಗಿಯ ಹಾಸ್ಟೆಲಿನಲ್ಲಿರುವ ತನ್ನ ಯಂತ್ರವನ್ನು ನಡೆಸಬೇಕೆಂದರೆ ಹಾಸ್ಟೆಲಿನ ಯಂತ್ರದಲ್ಲಿ ಪ್ರೊ ಇರಬೇಕು. ಅಪರೂಪಕ್ಕೊಮ್ಮೆ ಬೇಕಾದರೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂತಹ ಉಚಿತ ಸೌಲಭ್ಯದಿಂದಲೂ ಕೆಲಸ ಸಾಗುತ್ತದೆ.

ಮೂರನೆಯದು ಹೈಪರ್-ವಿ ಮತ್ತು ವಿಂಡೋಸ್ ಸ್ಯಾಂಡ್‌ಬಾಕ್ಸ್. ಒಂದು ಗಣಕದೊಳಗೆ ಮತ್ತೊಂದು ಕಾಲ್ಪನಿಕ ಗಣಕವನ್ನು ಓಡಿಸುವ ವಿದ್ಯೆ ಇದು. ಅನುಮಾನವಿರುವ ಕಾರ್ಯಕ್ರಮವನ್ನು ಸ್ಯಾಂಡ್‌ಬಾಕ್ಸಿನಲ್ಲಿ ತೆರೆದು ನೋಡಿ ಮುಚ್ಚಿದರೆ ಅದರ ಗುರುತೂ ಉಳಿಯದು.

ನಾಲ್ಕನೆಯದು ಪೂರ್ತಿ ಕಚೇರಿಯ ಬಾಬತ್ತು. ನೂರಾರು ಯಂತ್ರಗಳನ್ನು ಒಂದೇ ಕಡೆಯಿಂದ ಹತೋಟಿಯಲ್ಲಿಡುವ ಡೊಮೈನ್, ಗ್ರೂಪ್ ಪಾಲಿಸಿ ಇತ್ಯಾದಿ. ಬ್ಯಾಂಕು, ಆಸ್ಪತ್ರೆ, ಕಂಪನಿಗಳಿಗೆ ಇವು ಅನಿವಾರ್ಯ. ಮನೆಯ ಮೇಜಿನ ಮೇಲಿರುವ ಒಂಟಿ ಯಂತ್ರಕ್ಕೆ ಇವುಗಳಿಂದ ಆಗಬೇಕಾದದ್ದು ಏನೂ ಇಲ್ಲ.

ಐದನೆಯದು ಸ್ಮೃತಿಯ ಮಿತಿ. ಹೋಮ್‌ನಲ್ಲಿ 128 ಗಿಗಾಬೈಟ್‌ವರೆಗೆ ರ‍್ಯಾಮ್ ಹಾಕಬಹುದು. ಪ್ರೊದಲ್ಲಿ 2 ಟೆರಾಬೈಟ್‌ವರೆಗೆ. 8 ಅಥವಾ 16 ಗಿಗಾಬೈಟ್ ರ‍್ಯಾಮ್ ಇರುವ ವಿದ್ಯಾರ್ಥಿಗೆ ಈ ಲೆಕ್ಕ ಓದಿ ಮರೆಯತಕ್ಕದ್ದು.

ಯಾವುದು ಬರುವುದಿಲ್ಲ?

ವೇಗ ಬರುವುದಿಲ್ಲ. "ಪ್ರೊ ಹಾಕಿದರೆ ಯಂತ್ರ ಜೋರಾಗಿ ಓಡುತ್ತದೆ" ಎಂಬ ಮಾತಿನಲ್ಲಿ ಹುರುಳಿಲ್ಲ. ಯಂತ್ರ ನಿಧಾನವಾಗಿದ್ದರೆ ಅದೇ ಹಣದಲ್ಲಿ ರ‍್ಯಾಮ್ ಹೆಚ್ಚಿಸುವುದು, ಹಳೆಯ ತಿರುಗುವ ಡಿಸ್ಕಿದ್ದರೆ ಅದನ್ನು ತೆಗೆಸಿ ಎಸ್.ಎಸ್.ಡಿ. ಹಾಕಿಸುವುದು ಎಷ್ಟೋ ಮೇಲು. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನಿನಲ್ಲಿ ತುಂಬಿದ ಧೂಳು ತೆಗೆಸಿದರೂ ಫಲ ಕಾಣುತ್ತದೆ.

ವರ್ಡ್, ಎಕ್ಸೆಲ್ ಬರುವುದಿಲ್ಲ. ಅವು ಆಫೀಸ್ ಎಂಬ ಬೇರೆ ಸರಕು, ಬೇರೆ ಪರವಾನಗಿ. ವಿಂಡೋಸ್ ಪ್ರೊ ಕೊಂಡರೂ ಆಫೀಸಿನ ಖರ್ಚು ಬೇರೆಯೇ. ಹಣವಿಲ್ಲದವರು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು.

ವೈರಸ್ಸಿನಿಂದ ವಿಶೇಷ ರಕ್ಷಣೆಯೂ ಬರುವುದಿಲ್ಲ. ಡಿಫೆಂಡರ್ ಎಂಬ ಕಾವಲುಗಾರ ಎರಡರಲ್ಲಿಯೂ ಒಬ್ಬನೇ.

ಯಾವ ವಿದ್ಯಾರ್ಥಿಗೆ ಯಾವುದು?

ಬಿ.ಕಾಂ. ಓದುವವರಿಗೆ ಟ್ಯಾಲಿ ಬೇಕು. ಅದು ಹೋಮ್‌ನಲ್ಲಿ ಓಡುತ್ತದೆ. ಬಿ.ಸಿ.ಎ. ಮತ್ತು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಬೇಕಾದ ಸಿ, ಜಾವಾ, ಪೈಥಾನ್, ಮೈಎಸ್‌ಕ್ಯುಎಲ್ ಎಲ್ಲವೂ ಹೋಮ್‌ನಲ್ಲಿ ಓಡುತ್ತವೆ. ಸಿವಿಲ್, ಮೆಕ್ಯಾನಿಕಲ್ ವಿಭಾಗದವರ ಆಟೋಕ್ಯಾಡ್ ಕೂಡ ಹೋಮ್‌ನಲ್ಲಿಯೇ ಓಡುತ್ತದೆ. ಕಾಲೇಜಿನಲ್ಲಿ ಓದುತ್ತಿರುವುದಕ್ಕೆ ದಾಖಲೆ ಕೊಟ್ಟರೆ ಅದನ್ನು ತಯಾರಿಸುವ ಆಟೋಡೆಸ್ಕ್ ಸಂಸ್ಥೆ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತದೆ. ಲಿನಕ್ಸ್ ಕಲಿಯಬೇಕಾದವರಿಗೆ ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯು.ಎಸ್.ಎಲ್. ಎರಡನೆಯ ಆವೃತ್ತಿ 2020ರಿಂದ ಹೋಮ್‌ನಲ್ಲಿಯೂ ಲಭ್ಯ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಕಾಲ್ಪನಿಕ ಗಣಕವನ್ನೂ ಹೋಮ್‌ನಲ್ಲಿ ನಡೆಸಬಹುದು.

ಹಾಗಾದರೆ ಪ್ರೊ ಯಾರಿಗೆ? ನೆಟ್‌ವರ್ಕ್ ನಿರ್ವಹಣೆಯನ್ನೇ ವೃತ್ತಿಯಾಗಿ ಹಿಡಿಯಲಿರುವವರಿಗೆ, ಡೊಮೈನ್ ಮತ್ತು ಗ್ರೂಪ್ ಪಾಲಿಸಿಗಳನ್ನು ಕೈಯಾರೆ ಮಾಡಿ ಕಲಿಯಬೇಕಾದವರಿಗೆ, ಹೈಪರ್-ವಿಯನ್ನೇ ಬಳಸಬೇಕಾದ ಪ್ರಯೋಗಗಳಿದ್ದವರಿಗೆ, ಮನೆಯಿಂದ ಕೆಲಸ ಮಾಡಿಸುವ ಕಂಪನಿ ಪ್ರೊ ಇರಲೇಬೇಕೆಂದು ಲಿಖಿತವಾಗಿ ಹೇಳಿದವರಿಗೆ. ಇವರು ಹಣ ಹಾಕಿದರೆ ಅದು ವ್ಯರ್ಥವಲ್ಲ.

ಉಳಿದವರು ಮೊದಲ ವರ್ಷ ಹೋಮ್‌ನಲ್ಲಿಯೇ ಇರುವುದು ಲೇಸು. ಬೇಕೆನಿಸಿದ ದಿನ ಪ್ರೊಗೆ ಹೋಗಲು ಅಡ್ಡಿಯಿಲ್ಲ. ಹಾಗೆ ಹೋಗುವಾಗ ಕಡತಗಳು ಅಳಿಯುವುದೂ ಇಲ್ಲ. ಪ್ರೊದಿಂದ ಹೋಮ್‌ಗೆ ಹಿಂದಿರುಗಬೇಕೆಂದರೆ ಮಾತ್ರ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ.

ಹೆಸರಿನ ಬಾಲ ನೋಡಿ

ಹಣ ಕೊಡುವ ಮುನ್ನ ಯಂತ್ರದಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರಲ್ಲಿ ಅಬೌಟ್ ಒತ್ತಿದರೆ ಆವೃತ್ತಿಯ ಹೆಸರು ಕಾಣುತ್ತದೆ. ಅಲ್ಲಿ ಹೋಮ್ ಎಂಬುದರ ಹಿಂದೆ ಒಂದು ಬಾಲ ಇರಬಹುದು. ಬಾಲಗಳು ಎರಡು ಬಗೆ.

'ಎಸ್ ಮೋಡ್' ಎಂದಿದ್ದರೆ ಆ ಯಂತ್ರದಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಇಳಿಸಿಕೊಂಡ ತಂತ್ರಾಂಶ ಮಾತ್ರ ಓಡುತ್ತದೆ. ಕಾಲೇಜಿನಲ್ಲಿ ಕೊಟ್ಟ ಕಾರ್ಯಕ್ರಮ ಏರುವುದಿಲ್ಲ. ಇದನ್ನೇ ಮುಂದಿಟ್ಟುಕೊಂಡು "ಪ್ರೊ ಬೇಕು" ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಎಸ್ ಮೋಡ್‌ನಿಂದ ಹೊರಬರುವುದು ಉಚಿತ. ಸ್ಟೋರಿನಲ್ಲಿಯೇ ಅದಕ್ಕೆ ಗುಂಡಿ ಇದೆ. ಹೊರಬಂದ ಮೇಲೆ ಮತ್ತೆ ಒಳಹೋಗಲಾಗದು ಎಂಬುದಷ್ಟೇ ನೆನಪಿರಲಿ.

'ಸಿಂಗಲ್ ಲ್ಯಾಂಗ್ವೇಜ್' ಎಂಬುದು ಭಾರತದಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ ಬಾಲ. ಇದರಲ್ಲಿ ವಿಂಡೋಸಿನ ಆದೇಶಗಳನ್ನು ತೋರಿಸುವ ಭಾಷೆ ಒಂದೇ. ಇಂಗ್ಲಿಷಿನಲ್ಲಿ ಬಂದ ಯಂತ್ರವನ್ನು ಬೇಕೆಂದಾಗ ಕನ್ನಡದ ಮೆನುಗಳಿಗೆ ಬದಲಿಸಲಾಗುವುದಿಲ್ಲ. ಹಾಗೆಂದು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಕೀಲಿಮಣೆ ದೊರೆಯುತ್ತದೆ. 2019ರಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಧ್ವನ್ಯಾತ್ಮಕ ಕೀಲಿಮಣೆಯೂ ವಿಂಡೋಸಿನೊಳಗೇ ಇದೆ. ನುಡಿ, ಬರಹ ತಂತ್ರಾಂಶಗಳೂ ಇವೆ. ಕನ್ನಡದಲ್ಲಿ ಬರೆಯುವುದಕ್ಕಾಗಿ ಯಾರೂ ಪ್ರೊ ಕೊಳ್ಳಬೇಕಾಗಿಲ್ಲ.

ಹತ್ತರ ಅವಧಿ ಮುಗಿದಿದೆ

ಅಣ್ಣನ ಹಳೆಯ ಲ್ಯಾಪ್‌ಟಾಪ್ ತಂಗಿಗೆ ಬರುವ ಮನೆಗಳಲ್ಲಿ ಸಮಸ್ಯೆ ಬೇರೆ. ಅಲ್ಲಿರುವುದು ಬಹುಮಟ್ಟಿಗೆ ವಿಂಡೋಸ್ 10. 2015ರ ಜುಲೈನಲ್ಲಿ ಬಂದ ಆ ವ್ಯವಸ್ಥೆಗೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಯಂತ್ರ ಅಂದೇ ನಿಲ್ಲಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳಿಗೆ ತೇಪೆ ಹಾಕುವ ಕೆಲಸ ನಿಂತಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಕೊಡುವ ಒಂದು ಯೋಜನೆಯನ್ನು ಸಂಸ್ಥೆ ಪ್ರಕಟಿಸಿತು.

ಇಲ್ಲಿ ಹಲವರು ಎಡವುವುದುಂಟು. ವಿಂಡೋಸ್ 10 ಹೋಮ್ ಅನ್ನು ವಿಂಡೋಸ್ 10 ಪ್ರೊ ಮಾಡಿದರೆ ಆಯುಸ್ಸು ಹೆಚ್ಚುವುದಿಲ್ಲ. ಎರಡಕ್ಕೂ ಕೊನೆಯ ದಿನ ಒಂದೇ ಆಗಿತ್ತು. ಬೇಕಾದದ್ದು ಹತ್ತರಿಂದ ಹನ್ನೊಂದಕ್ಕೆ ಏರುವುದು. ಯಂತ್ರ ಅರ್ಹವಾಗಿದ್ದರೆ ಈ ಏರಿಕೆ ಉಚಿತ. ಹೋಮ್ ಇದ್ದದ್ದು ಹೋಮ್ ಆಗಿಯೇ, ಪ್ರೊ ಇದ್ದದ್ದು ಪ್ರೊ ಆಗಿಯೇ ಏರುತ್ತದೆ.

ಅರ್ಹತೆಗೆ 4 ಗಿಗಾಬೈಟ್ ರ‍್ಯಾಮ್, 64 ಗಿಗಾಬೈಟ್ ಡಿಸ್ಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಬಿಲ್ಲೆ ಮತ್ತು ಅಂಗೀಕೃತ ಪಟ್ಟಿಯಲ್ಲಿರುವ ಸಂಸ್ಕಾರಕ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅನಂತರದ್ದು. ಮೈಕ್ರೋಸಾಫ್ಟಿನ 'ಪಿ.ಸಿ. ಹೆಲ್ತ್ ಚೆಕ್' ಎಂಬ ಉಚಿತ ಕಾರ್ಯಕ್ರಮ ಇದನ್ನು ಪರೀಕ್ಷಿಸಿ ಹೇಳುತ್ತದೆ. ಅರ್ಹವಲ್ಲದ ಹಳೆಯ ಯಂತ್ರವನ್ನು ಎಸೆಯಬೇಕಾಗಿಲ್ಲ. ಉಬುಂಟುವಿನಂತಹ ಉಚಿತ ಲಿನಕ್ಸ್ ಹಾಕಿದರೆ ಸಿ, ಪೈಥಾನ್ ಕಲಿಯಲು, ಓದಲು, ಬರೆಯಲು ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಟ್ಯಾಲಿ ಬೇಕಾದವರಿಗೆ ಮಾತ್ರ ಈ ದಾರಿ ಅನುಕೂಲವಲ್ಲ.

ಅಗ್ಗದ ಕೀಲಿಯ ಅಪಾಯ

"ಕಂಪನಿ ರೇಟು ಯಾಕ ಕೊಡ್ತೀರಿ, ನಾಕೈದು ನೂರಕ್ಕ ಪ್ರೊ ಮಾಡಿ ಕೊಡ್ತೀನಿ" ಎನ್ನುವವರು ಎಲ್ಲ ಊರಿನಲ್ಲಿಯೂ ಸಿಗುತ್ತಾರೆ. ಅಮೆರಿಕದಲ್ಲಿ ಹೋಮ್‌ನಿಂದ ಪ್ರೊಗೆ ಏರಲು ಮೈಕ್ರೋಸಾಫ್ಟ್ ಪಡೆಯುವ ಹಣ 99 ಡಾಲರ್. ಅಷ್ಟು ಬೆಲೆಯ ವಸ್ತು ನಾಲ್ಕೈದು ನೂರು ರೂಪಾಯಿಗೆ ಹೇಗೆ ಬಂತು ಎಂದು ಕೇಳಬೇಕು. ಅದು ಯಾವುದೋ ದೊಡ್ಡ ಕಂಪನಿ ತನ್ನ ನೂರಾರು ಯಂತ್ರಗಳಿಗೆಂದು ಪಡೆದ ಸಾಮೂಹಿಕ ಕೀಲಿ ಆಗಿರಬಹುದು. ಗೊತ್ತಾದ ದಿನ ಅದು ರದ್ದಾಗುತ್ತದೆ. ಇಲ್ಲವೇ ಯಂತ್ರವನ್ನು ಮೋಸಗೊಳಿಸುವ 'ಆಕ್ಟಿವೇಟರ್' ಎಂಬ ಕಾರ್ಯಕ್ರಮ ಇರಬಹುದು. ಅದನ್ನು ಓಡಿಸಲು ಮೊದಲು ವೈರಸ್ ಕಾವಲನ್ನು ನಿಲ್ಲಿಸಬೇಕೆನ್ನುತ್ತಾರೆ. ಕಾವಲುಗಾರನನ್ನು ಮನೆಗೆ ಕಳುಹಿಸಿ ಅಪರಿಚಿತನಿಗೆ ಬಾಗಿಲು ತೆರೆದಂತಾಯಿತು. ತಂದೆಯ ಬ್ಯಾಂಕ್ ಖಾತೆಯೂ ಮಗಳ ವಿದ್ಯಾರ್ಥಿವೇತನದ ಅರ್ಜಿಯೂ ಅದೇ ಯಂತ್ರದಲ್ಲಿರುತ್ತವೆ ಎಂಬುದನ್ನು ಮರೆಯಬಾರದು.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿಸಿದ 63-ಬಿ ಕಲಮಿನಂತೆ, ತಂತ್ರಾಂಶದ ಕದ್ದ ಪ್ರತಿಯನ್ನು ಗೊತ್ತಿದ್ದೂ ಬಳಸುವುದು ಅಪರಾಧ. ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲದಿದ್ದರೆ ಸೆರೆ ವಿಧಿಸದೆ 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಲು ನ್ಯಾಯಾಲಯಕ್ಕೆ ಅವಕಾಶವಿದೆ.

ಕಳ್ಳ ಪ್ರೊಗಿಂತ ನ್ಯಾಯವಾದ ಹೋಮ್ ಮೇಲು. ಮೈಕ್ರೋಸಾಫ್ಟ್ ವಿದ್ಯಾಸಂಸ್ಥೆಗಳಿಗಾಗಿಯೇ 'ಎಜುಕೇಷನ್' ಎಂಬ ಆವೃತ್ತಿಯನ್ನು ಕೊಡುತ್ತದೆ. ಪ್ರೊದ ಸೌಲಭ್ಯಗಳು ಅದರಲ್ಲಿ ಇವೆ. ತಮ್ಮ ಕಾಲೇಜಿಗೆ ಅಂತಹ ಒಪ್ಪಂದವಿದೆಯೇ, ಇದ್ದರೆ ವಿದ್ಯಾರ್ಥಿಗಳಿಗೂ ಅದು ಸಲ್ಲುತ್ತದೆಯೇ ಎಂದು ಗಣಕ ವಿಭಾಗದಲ್ಲಿ ಒಮ್ಮೆ ಕೇಳುವುದರಿಂದ ನಷ್ಟವೇನಿಲ್ಲ.

ಏರಿಸುವ ಕ್ರಮ

ಪ್ರೊ ನಿಜವಾಗಿಯೂ ಬೇಕೆಂದು ತೀರ್ಮಾನಿಸಿದವರು ಹೀಗೆ ಮಾಡಬಹುದು.

1. ಮುಖ್ಯ ಕಡತಗಳನ್ನು ಪೆನ್‌ಡ್ರೈವ್ ಅಥವಾ ಹೊರ ಡಿಸ್ಕಿಗೆ ನಕಲು ಮಾಡಿಡಬೇಕು. ಕಡತ ಅಳಿಯುವುದಿಲ್ಲವೆಂಬುದು ನಿಜ. ಆದರೂ ಜಾಗ್ರತೆ ಜಾಗ್ರತೆಯೇ.

2. ಬಾಕಿಯಿರುವ ವಿಂಡೋಸ್ ಅಪ್‌ಡೇಟ್‌ಗಳನ್ನು ಮುಗಿಸಿಕೊಳ್ಳಬೇಕು. ಇವು ದೊಡ್ಡವಿರುವುದರಿಂದ ಹಳ್ಳಿಯಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನೇ ನಂಬಿದವರು ಕಾಲೇಜಿನ ವೈಫೈ ಇರುವ ದಿನ ಮಾಡಿಕೊಳ್ಳುವುದು ಅನುಕೂಲ.

3. ಬ್ಯಾಟರಿ ತುಂಬಿಸಿ, ಚಾರ್ಜರ್ ಚುಚ್ಚಿಟ್ಟಿರಬೇಕು. ಮೇಜಿನ ಗಣಕವಾದರೆ ಯು.ಪಿ.ಎಸ್. ಇರಲಿ. ನಡುವೆ ಕರೆಂಟು ಹೋದರೆ ಕಷ್ಟ.

4. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ಎಂದು ಹೋದರೆ ಆವೃತ್ತಿ ಏರಿಸುವ ಸಾಲು ಕಾಣುತ್ತದೆ. ಸ್ಟೋರಿನಲ್ಲಿಯೇ ಹಣ ಕಟ್ಟಬಹುದು, ಇಲ್ಲವೇ ಕೊಂಡು ತಂದ 25 ಅಕ್ಷರಗಳ ಕೀಲಿಸಂಖ್ಯೆಯನ್ನು ಕೊಡಬಹುದು. ಯಂತ್ರ ತಾನೇ ಮತ್ತೆ ಆರಂಭವಾಗುತ್ತದೆ.

5. ಅಬೌಟ್‌ನಲ್ಲಿ ಪ್ರೊ ಎಂದು, ಆಕ್ಟಿವೇಷನ್‌ನಲ್ಲಿ ಸಕ್ರಿಯವಾಗಿದೆ ಎಂದು ಬಂದಿದೆಯೇ ನೋಡಬೇಕು. ಅಂಗಡಿಯಲ್ಲಿ ಮಾಡಿಸಿದ್ದರೆ 'ವಿಂಡೋಸ್ ಪ್ರೊ' ಎಂದು ನಮೂದಿಸಿದ ರಸೀದಿ ಪಡೆಯಬೇಕು. ರಸೀದಿ ಕೊಡಲು ಹಿಂಜರಿದರೆ ಕೀಲಿ ಎಲ್ಲಿಯದೆಂದು ಅನುಮಾನಿಸಲು ಅದೊಂದೇ ಕಾರಣ ಸಾಕು.

ಆ 48 ಅಂಕಿಗಳು

ಹೋಮ್ ಇರಲಿ, ಪ್ರೊ ಇರಲಿ, ಎಲ್ಲರೂ ಮಾಡಬೇಕಾದ ಕೆಲಸ ಒಂದಿದೆ. ಈಚಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಒಳಹೋದಾಗ ಡಿಸ್ಕಿನ ಗೂಢಲಿಪಿ ತಾನಾಗಿಯೇ ಶುರುವಾಗಬಹುದು. ಅದರ ಬಿಡಿಕೀಲಿ 48 ಅಂಕಿಗಳ ಒಂದು ಸಂಖ್ಯೆ. ದಿನನಿತ್ಯ ಅದನ್ನು ಯಾರೂ ಕೇಳುವುದಿಲ್ಲ. ಮದರ್‌ಬೋರ್ಡ್ ಬದಲಿಸಿದಾಗ, ಯಂತ್ರದ ಒಳ ಹೊಂದಾಣಿಕೆ ತಿದ್ದಿದಾಗ, ಕೆಲವೊಮ್ಮೆ ಒಂದು ಅಪ್‌ಡೇಟ್ ಆದ ಮೇಲೆ, ನೀಲಿ ಪರದೆಯಲ್ಲಿ ಆ ಸಂಖ್ಯೆ ಕೇಳುತ್ತದೆ. ಅದಿಲ್ಲದಿದ್ದರೆ ಅಂಗಡಿಯವನೂ ಮೈಕ್ರೋಸಾಫ್ಟೂ ಡಿಸ್ಕನ್ನು ತೆರೆಯಲಾರರು. ಮೂರು ವರ್ಷದ ಟಿಪ್ಪಣಿ, ಅಂತಿಮ ವರ್ಷದ ಪ್ರಾಜೆಕ್ಟು, ಮನೆಯ ಫೋಟೋಗಳು ಎಲ್ಲವೂ ಒಳಗೇ ಉಳಿದುಬಿಡುತ್ತವೆ.

ಆ ಸಂಖ್ಯೆ ಇರುವುದು ಮೊದಲು ಬಳಸಿದ ಖಾತೆಯಲ್ಲಿ. ಯಂತ್ರ ಕೊಂಡ ದಿನ ಅಂಗಡಿಯ ಹುಡುಗ ಅವಸರದಲ್ಲಿ ತನ್ನದೇ ಒಂದು ಇಮೇಲ್ ಹಾಕಿ ಖಾತೆ ತೆರೆದುಕೊಟ್ಟಿದ್ದರೆ ಮನೆಯ ಕೀಲಿ ಅವನ ಕೈಯಲ್ಲಿ ಉಳಿದಂತೆ. ಆದ್ದರಿಂದ ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿಯೇ, ಅವರ ಫೋನ್ ಸಂಖ್ಯೆಯಿಂದಲೇ ತೆರೆಯಬೇಕು. ಆ ಖಾತೆಗೆ ಹೋಗಿ 48 ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡು ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಕಡತದಲ್ಲಿ ಇಡಬೇಕು. ಲ್ಯಾಪ್‌ಟಾಪಿನ ಚೀಲದಲ್ಲಿ ಇಡಬಾರದು. ಚೀಲ ಹೋದರೆ ಬೀಗದ ಜೊತೆಗೆ ಕೀಲಿಯೂ ಹೋಗುತ್ತದೆ.

ಪ್ರೊ ಕೊಂಡವರೆಲ್ಲ ವೃತ್ತಿನಿಪುಣರಾಗುವುದಿಲ್ಲ, ಹೋಮ್ ಉಳಿಸಿಕೊಂಡವರು ಹಿಂದೆ ಬೀಳುವುದೂ ಇಲ್ಲ. ಕಾಲೇಜಿನ ಪಠ್ಯಕ್ರಮದಲ್ಲಿ ಪ್ರೊ ಬೇಕೆಂದು ಎಲ್ಲಿ ಬರೆದಿದೆ ಎಂದು ಮಕ್ಕಳನ್ನು ಕೇಳಿ. ತೋರಿಸಿದರೆ ಕೊಡಿಸಿ. ತೋರಿಸದಿದ್ದರೆ ಆ ಹಣ ಹೊರ ಡಿಸ್ಕಿಗೋ ಪುಸ್ತಕಕ್ಕೋ ಎರಡನೆಯ ಸೆಮಿಸ್ಟರಿನ ಶುಲ್ಕಕ್ಕೋ ಇರಲಿ.